ಬೇಸಿಲ್ ಹೋಟೆಲಿನ ಊಟದ ಜಾಗಟೆ

ಕಂತು ಏಳು: ಜೋಡಿ ಸಾಲಿನ ಇರುವೆ

"ಏಳ್ರಿ ಮ್ಯಾಲ! ಇದು ಹೆರಿಟೇಜ್ ಫ್ಲೋರಿಂಗ್ ಐತಿ, ನಿಮ್ಮ ಹಾಸಿಗಿ ಅಲ್ಲ."

ಅಶ್ಫಾಕ್ ಏಳಲಿಲ್ಲ. ಬೇಸಿಲ್ ಗ್ರ್ಯಾಂಡ್ ರೆಸಿಡೆನ್ಸಿಯ ಮೊದಲ ಮಹಡಿ. ಲಿಫ್ಟಿನ ಬಾಗಿಲಿನಿಂದ ಉದ್ದಕ್ಕೆ ಚಾಚಿದ ಪಡಸಾಲೆ, ಕಪ್ಪು ಬಿಳಿ ಚೌಕಗಳ ಹಳೆಯ ನೆಲ. ಆ ನೆಲಕ್ಕೆ ಹೊಟ್ಟೆ ಹಚ್ಚಿ ಮಲಗಿ ಅವನು ಇರುವೆಗಳ ಮೆರವಣಿಗೆ ನೋಡುತ್ತಿದ್ದ.

"ಸ್ವಲ್ಪ ಆ ಕಡಿ ಸರೀರಿ ಸೆಕ್ರೆಟರಿ ಸಾಹೇಬ್ರ. ಸಾಕ್ಷಿ ಹೊಂಟಾವ, ತುಳದೀರಿ."

ಮೇಲೆ ನಿಂತು ಗುಡುಗುತ್ತಿದ್ದವರು ಚನ್ನಬಸವರಾಜ, ನಿವಾಸಿಗಳ ಸಂಘದ ಕಾರ್ಯದರ್ಶಿ. ಅವರಲ್ಲಿ ಕಾರ್ಯ ಕಡಿಮೆ, ದರ್ಶನ ಜಾಸ್ತಿ.

"ಸಾಕ್ಷಿ ಅಂತ ಸಾಕ್ಷಿ! ಇವು ಇರುವಿ. ಇವಕ್ಕಂತ ಮುಂಜಾನಿಂದ ಫಾಗಿಂಗ್ ಮಾಡಸಾಕ ಹತ್ತೀನಿ."

"ಫಾಗಿಂಗ್ ಸೊಳ್ಳಿಗಲ್ರಿ?"

"ಹೊಗಿ ಹೊಗೀನ. ಇರುವಿಗೆ ಮೂಗಿಲ್ಲೇನು?"

ಪಕ್ಕದಲ್ಲಿ ಹೊಗೆಯಂತ್ರವನ್ನು ಹೆಗಲಿಗೆ ನೇತುಹಾಕಿಕೊಂಡಿದ್ದ ಅಂಜಿನಿ, "ಸಾರ್ ಚೆಪ್ಪಾರು, ನಾ ಹೊಡದೆ," ಎಂದು ತೆಲುಗು ಬೆರೆಸಿ ತನ್ನ ಪಾಲಿನ ಪಾಪ ತೊಳೆದುಕೊಂಡ.

ಕಥೆ ನಿಂತಿದ್ದು ಇಲ್ಲಿ: ಮೊನ್ನೆ ಬೆಳಿಗ್ಗೆ ಕಾಣೆಯಾದ ಊಟದ ಜಾಗಟೆ ಇವತ್ತು ಮಧ್ಯಾಹ್ನ ಒಂದಕ್ಕೆ ಮೊಳಗದಿದ್ದರೆ, ಅದನ್ನು ಬಾರಿಸುವ ಮಹಮ್ಮದ್ ಗೌಸ್ ಸಾಬರು ನಲವತ್ತು ವರ್ಷ ಬಾಳಿದ ಕೋಣೆ ಬಿಡಬೇಕು.

ಬೇಸಿಲ್ ಎಂಬ ದೊರೆ ದಂಡಿನವರಿಗೆಂದು ಕಟ್ಟಿಸಿದ ಹೋಟೆಲಿದು. ಬಳ್ಳಾರಿಯ ಬಾಯಲ್ಲಿ ಅದು ಬಿಸಿಲ್ ಹೋಟೆಲ್ ಆಯಿತು. ಊರಿಗೆ ಅದಕ್ಕಿಂತ ಒಪ್ಪುವ ಹೆಸರು ಯಾವ ದೊರೆಗೂ ಹೊಳೆಯುತ್ತಿರಲಿಲ್ಲ. ಕೊನೆಯ ಮಾಲೀಕ ಜೋಗಪ್ಪ ಸಾಹುಕಾರರು ಕಟ್ಟಡವನ್ನು ಫ್ಲ್ಯಾಟು ಮಾಡುವ ಬಿಲ್ಡರಿಗೆ ಮಾರುವಾಗ ಒಂದೇ ಷರತ್ತು ಹಾಕಿದ್ದರು. ಊಟದ ಜಾಗಟೆ ದಿನಾ ಬಾರಿಸಬೇಕು. ಬಾರಿಸುವವರಿಗೆ ಅಡುಗೆಮನೆಯ ಹಿಂದಿನ ಕೋಣೆ. ಮೂರು ಮಧ್ಯಾಹ್ನ ಸತತವಾಗಿ ತಪ್ಪಿದರೆ ಕೋಣೆ ಸಂಘಕ್ಕೆ. ಎರಡು ಮಧ್ಯಾಹ್ನ ಈಗಾಗಲೇ ಸದ್ದಿಲ್ಲದೆ ಕಳೆದಿದ್ದವು. ಕಾರ್ಯದರ್ಶಿಗಳು ಆ ಕೋಣೆಯಲ್ಲಿ ನಾಯಿಗಳಿಗೆ ಸ್ನಾನ ಮಾಡಿಸುವ ಸ್ಪಾ ತೆರೆಯಲು ಟೈಲ್ಸ್ ಕೂಡ ಆರಿಸಿಟ್ಟಿದ್ದರು.

ಗೌಸ್ ಸಾಬರು ಗೋಡೆಗೊರಗಿ ನಿಂತಿದ್ದರು. ಕೈಯಲ್ಲಿ ಜಾಗಟೆಯ ಹಗ್ಗ ಇತ್ತು, ಜಾಗಟೆ ಇರಲಿಲ್ಲ.

"ಬೇಟಾ, ಟೈಮ್ ಆಗಾಕ ಬಂತು."

"ಚಾಚಾ, ಆ ಹಗ್ಗ ಕೊಡ್ರಿ."

ಅಶ್ಫಾಕನ ನಿತ್ಯದ ಕಸುಬು ಗಂಡು ನೋಡುವುದು. ತನಗಲ್ಲ, ಹೆಣ್ಣಿನ ಕಡೆಯವರಿಗೆ. ವರನ ನೌಕರಿ ನಿಜವೇ, ಕುಡಿತ ಸುಳ್ಳೇ ಎಂದು ಪತ್ತೆ ಮಾಡಿ ಹೇಳುತ್ತಾನೆ. ವರ ಕೊಡುವ ದೇವರಿಗಿಂತ ವರನಿಂದ ಬಿಡಿಸುವ ಅಶ್ಫಾಕನಿಗೆ ಹರಕೆ ಹೊತ್ತವರು ಬಳ್ಳಾರಿಯಲ್ಲಿ ಹೆಚ್ಚು. ಬಂಡವಾಳ ಅವನ ಗಂಟಲು. ಕಾಲೇಜಿನಲ್ಲಿದ್ದಾಗ ಪ್ರಿನ್ಸಿಪಾಲರ ದನಿಯಲ್ಲಿ ಮೈಕಿನಿಂದ ರಜೆ ಘೋಷಿಸಿದ ಗಂಟಲು ಅದು. ಪ್ರಿನ್ಸಿಪಾಲರೂ ನಂಬಿ ಮನೆಗೆ ಹೋಗಿದ್ದರಂತೆ.

"ನೋಡ್ರಿ, ಗಂಟು ಕತ್ತರಿಸಿಲ್ಲ, ಬಿಚ್ಚ್ಯಾರ. ಬಿಚ್ಚಿದ ಮ್ಯಾಲ ಹಗ್ಗ ಸುತ್ತಿ ಮೊಳಿಗೆ ಸಿಗಿಸ್ಯಾರ. ಕಳ್ಳ ಇಷ್ಟು ಓರಣ ಮಾಡ್ತಾನೇನ್ರಿ? ಇದು ವಾಪಸ್ ತಂದು ಕಟ್ಟೋರ ಕೈ."

"ಮತ್ತ್ಯಾಕ ಕಟ್ಟಿಲ್ಲ?" ಎಂದರು ಕಾರ್ಯದರ್ಶಿ.

"ಅದನ್ನ ಇರುವಿ ಹೇಳ್ತಾವ. ಇರುವಿ ಒಂದ ಸಾಲು ಹಿಡದು ಹೋಗೋ ಜಾತಿ. ಇಲ್ಲಿ ಎರಡು ಸಾಲು. ಲಿಫ್ಟಿನಿಂದ ಆ ಕೊನಿ ತನಕ ಅಂತರ ಎಲ್ಲೂ ಹೆಚ್ಚುಕಮ್ಮಿ ಇಲ್ಲ. ಡಬಲ್ ರೋಡ್ ಹಾಕ್ಯಾವ, ನಡುವ ಡಿವೈಡರ್ ಅಷ್ಟ ಬಾಕಿ."

ಅವನು ಹಗ್ಗವನ್ನು ಸಾಬರಿಗೆ ಹಿಂದಿರುಗಿಸಿ, ಚೌಕಗಳ ಸಂದಿಗೆ ಉಗುರು ಹಾಕಿ ಒಂದು ಕಾಳು ಎತ್ತಿದ. ಸಣ್ಣಗೆ, ಬೆಳ್ಳಗೆ, ತುದಿ ಚೂಪಾಗಿ.

"ಸೋನಾ ಮಸೂರಿ. ಚಾಚಾ, ಜಾಗಟಿಗೆ ಹಗ್ಗ ಪೋಣಸಾಕ ತೂತು ಎಷ್ಟು?"

"ಎರಡು."

"ನಡುವ ಅಂತರ?"

ಗೌಸ್ ಸಾಬರು ಮೊಣಕಾಲೂರಿ, ಬಲಗೈಯ ನಾಲ್ಕು ಬೆರಳು ಜೋಡಿಸಿ ಎರಡು ಇರುವೆ ಸಾಲುಗಳ ನಡುವೆ ಇಟ್ಟರು. ಬೆರಳು ಸರಿಯಾಗಿ ಕೂತವು. ಇರುವೆಗಳೂ ದಾರಿ ಬಿಟ್ಟುಕೊಟ್ಟವು.

"ಯಾ ಅಲ್ಲಾ," ಎಂದರು ಸಾಬರು.

"ಅಲ್ರೀ, ಜಾಗಟ್ಯಾಗ ಅಕ್ಕಿ ಯಾರು ಹಾಕ್ತಾರ?" ಕಾರ್ಯದರ್ಶಿಗೆ ತಲೆ ಕೆಟ್ಟಿತು.

"ತೂಗು ಹಾಕಿದ್ರ ಜಾಗಟಿ, ಅಂಗಾತ ಹಿಡದ್ರ ಪರಾತ. ಸುತ್ತಲೂ ಅಂಚು ಐತಿ, ಹಿತ್ತಾಳಿದು, ನಾಕು ಸೇರು ಹಿಡಸ್ತೈತಿ. ಹೊತ್ತೋರು ತುಸು ವಾಲಿದ್ರು, ಎರಡು ತೂತಿನಿಂದ ಎರಡು ಧಾರಿ ಸೋರ್ತು. ಬರ್ರಿ, ಇರುವಿ ಎಲ್ಲಿಗೆ ಕರದಾವೋ ಅಲ್ಲಿಗೆ ಹೋಗೂಣು."

ಇರುವೆಗಳು ಕರೆದದ್ದು ಪಡಸಾಲೆಯ ಕೊನೆಯ ದೊಡ್ಡ ಬಾಗಿಲಿಗೆ. ಒಂದು ಕಾಲಕ್ಕೆ ಅದು ಗವರ್ನರ್ ಸೂಟ್. ಈಗ ಸಿರುಗುಪ್ಪದ ಅಕ್ಕಿ ಗಿರಣಿಯ ವಿರೂಪಾಕ್ಷಪ್ಪನವರ ಫ್ಲ್ಯಾಟು. ಮೊನ್ನೆ ತಾನೆ ಗೃಹಪ್ರವೇಶವಾಗಿ ತೋರಣದ ಮಾವಿನೆಲೆ ಇನ್ನೂ ಪೂರ್ತಿ ಒಣಗಿರಲಿಲ್ಲ.

ಚನ್ನಬಸವರಾಜರ ಕಾಲು ಅಲ್ಲೇ ಹೂತುಹೋಯಿತು.

"ಏ, ಇಲ್ಲಿ ಬ್ಯಾಡ! ಮುಂದಿನ ವಾರ ಸಂಘಕ್ಕ ಅಧ್ಯಕ್ಷ ಆಗೋರು ಅವ್ರು. ಅವರ ಮನಿ ಬಾಗಿಲಾ ಬಡಿಯಾಕ ನಂದಾಗೂದಿಲ್ಲ."

"ನೀವು ಬಡೀಬ್ಯಾಡ್ರಿ," ಎಂದ ಅಶ್ಫಾಕ್. ಎದೆ ಮುಂದೆ ತಂದ, ಗದ್ದ ಮೇಲೆತ್ತಿದ, ಮೂಗಿನಿಂದ ಅರ್ಧ ಬಾಯಿಂದ ಅರ್ಧ ದನಿ ತೆಗೆದ: "ಅಕ್ಕಾರ! ನಾನ್ರೀ, ಸೆಕ್ರೆಟರಿ ಚನ್ನಬಸವರಾಜ! ಅರ್ಜೆಂಟ್ ಐತಿ, ಬಾಗಿಲಾ ತಗೀರಿ!"

ಅಂಜಿನಿ ಬೆಚ್ಚಿ ಇಬ್ಬರ ಬಾಯಿಯನ್ನೂ ನೋಡಿದ. ನಿಜವಾದ ಚನ್ನಬಸವರಾಜರು "ಲೇ!" ಎನ್ನಲು ಬಾಯಿ ತೆರೆಯುವಷ್ಟರಲ್ಲಿ ಬಾಗಿಲು ತೆರೆಯಿತು.

ಕೊಟ್ರಬಸಮ್ಮ ಸೆರಗಿಗೆ ಕೈ ಒರೆಸುತ್ತ ನಿಂತಿದ್ದರು. ಕಾರ್ಯದರ್ಶಿಯನ್ನು ಕಂಡು ನಕ್ಕರು, ಅಶ್ಫಾಕನನ್ನು ಕಂಡು ನಗು ಅರ್ಧಕ್ಕೆ ನಿಲ್ಲಿಸಿದರು, ಗೌಸ್ ಸಾಬರನ್ನು ಕಂಡು ನೆಲ ನೋಡಿದರು.

"ಬರ್ರಿ, ಬರ್ರಿ. ಯಜಮಾನ್ರು ಗಿರಣಿಗೆ ಹೋಗ್ಯಾರ. ಮಂಡಕ್ಕಿ ಒಗ್ಗರಣಿ ಮಾಡೀನಿ, ಬಿಸಿ ಮಿರ್ಚಿ ಅದಾವ."

ಒಳಗಿನ ಅವತಾರ ಗವರ್ನರ್ ಕಂಡಿದ್ದರೆ ರಾಜೀನಾಮೆ ಕೊಡುತ್ತಿದ್ದ. ನಡುಮನೆಯ ಗೋಡೆಯಲ್ಲಿ ಚಳಿ ಕಾಯಿಸುವ ಅಮೃತಶಿಲೆಯ ಬೆಂಕಿಗೂಡು. ಬಳ್ಳಾರಿಯಲ್ಲಿ ಚಳಿ ಕಾಯಿಸಲು! ಬೇಸಿಲ್ ದೊರೆಯ ತಲೆಗೆ ಬಿಸಿಲು ಏರಿದ ಮೇಲೆ ಕಟ್ಟಿಸಿದ್ದಿರಬೇಕು. ಕೊಟ್ರಬಸಮ್ಮ ಅದರಲ್ಲಿ ಉಳ್ಳಾಗಡ್ಡಿ ಬುಟ್ಟಿ ಇಟ್ಟಿದ್ದರು. ತೆರೆದ ಬಾಗಿಲಲ್ಲಿ ಕಾಣುತ್ತಿದ್ದ ಬಿಳಿ ಬಾತ್‌ಟಬ್ಬು ತುಂಬ ನಲ್ಲಿ ಬಂದ ದಿನ ಹಿಡಿದಿಟ್ಟ ನೀರು, ಮೇಲೊಂದು ತೇಲುವ ಚೊಂಬು. ಕಿಟಕಿಯಲ್ಲಿ ಕೋಟೆಗುಡ್ಡ, ಕಿಟಕಿಯ ಸರಳಿಗೆ ಒಣಹಾಕಿದ ಪಂಚೆ.

ಅಡುಗೆಮನೆಯ ಕಟ್ಟೆಯ ಮೇಲೆ ಗುಂಡನೆಯ ದೊಡ್ಡ ಹಿತ್ತಾಳೆ ವಸ್ತುವೊಂದು ಹೊಳೆಯುತ್ತಿತ್ತು.

"ಸಿಕ್ತು!" ಚನ್ನಬಸವರಾಜರು ಧಾವಿಸಿ ಎತ್ತಿದರು. ಒಳಗಿದ್ದ ಮಂಡಕ್ಕಿ ಅವರ ತಲೆ ಮೇಲೆ, ಹೆಗಲ ಮೇಲೆ, ಹೆರಿಟೇಜ್ ಫ್ಲೋರಿಂಗಿನ ಮೇಲೆ ಮಳೆಗರೆಯಿತು.

"ಕೆಳಗಿಡಪಾ ಅಣ್ಣಾ! ಅದು ನಮ್ಮ ಕುರುಗೋಡು ತೌರುಮನಿ ಪರಾತ!"

ಅಶ್ಫಾಕ್ ಅಂಚಿನ ಸುತ್ತ ಬೆರಳಾಡಿಸಿದ. ತೂತು ಇರಲಿಲ್ಲ. ಗೆಣ್ಣಿನಿಂದ ತಟ್ಟಿದ: ಟಪ್.

"ಜಾಗಟಿ ಅಲ್ಲ. ಸೆಕ್ರೆಟರಿ ಸಾಹೇಬ್ರ, ನಿಮ್ಮ ತಲಿಮ್ಯಾಲಿನ ಶೇಂಗಾ ತಗೀರಿ." ಆಮೇಲೆ ಮೆಲ್ಲಗೆ ತಿರುಗಿದ. "ಅಕ್ಕಾರ, ಗೌಸ್ ಚಾಚಾಗ ಎರಡು ದಿನದಿಂದ ಜ್ವಾಳದ ರೊಟ್ಟಿ, ಶೇಂಗಾ ಚಟ್ನಿ, ಎಣ್ಣಿ ಬದನಿಕಾಯಿ ಹೊಂಟೈತಂತಲ್ಲ?"

"ಪಾಪ, ಹೆಂಡ್ತಿ ಮೀರಾಬಿ ತನ್ನ ತಂಗಿ ಮನಿಗೆ ಹಚ್ಚೊಳ್ಳಿಗೆ ಹೋಗ್ಯಾಳ. ಒಂಟಿ ಗಂಡಸು, ಏನ್ ಉಣತಾರಂತ..."

"ಮೀರಾಬಿ ಚಾಚಿ ಹೋಗಿ ವಾರ ಆತು. ಅವತ್ತಿಂದ ಮೊನ್ನಿ ತನಕ ಚಾಚಾ ಬನ್ನು ಚಹಾದಾಗ ಇದ್ರು. ಜಾಗಟಿ ಹೋಗಿದ್ದು ಮೊನ್ನಿ. ನಿಮ್ಮ ರೊಟ್ಟಿ ಬಂದಿದ್ದೂ ಮೊನ್ನಿ."

"ಹಂಗಂದ್ರ? ಒಂದು ರೊಟ್ಟಿ ಕೊಟ್ರ ಕಳ್ಳಿ ಆದೆನಾ? ನಮ್ಮ ಮನ್ಯಾಗ ಹಿತ್ತಾಳಿ ಇಲ್ಲಂತ ನಿಮ್ಮ ಹೋಟೆಲಿಂದು ಕದೀಬೇಕಾ ನಾ? ನಮ್ಮ ಗಿರಣ್ಯಾಗ..."

"ಅಕ್ಕಾರ, ನಿಮ್ಮ ಗಿರಣಿ ಅಕ್ಕೀನ ಲಿಫ್ಟಿನಿಂದ ಇಲ್ಲಿ ತನಕ ಸಾಕ್ಷಿ ಹೇಳಾಕ ಹತ್ತೈತಿ."

"ಏ ಹೋಗಪಾ! ಗಂಡು ನೋಡೋನು ನೀನು, ಗಂಡು ನೋಡು. ಅಕ್ಕಿ ನೋಡಾಕ ಯಾರ್ ಕರದ್ರು?"

ಅಷ್ಟರಲ್ಲಿ ಗೌಸ್ ಸಾಬರು ಹೊಸಿಲ ಆಚೆಯಿಂದಲೇ ಮಾತಾಡಿದರು. ಒಳಗೆ ಬಂದಿರಲಿಲ್ಲ ಅವರು, ಚಪ್ಪಲಿ ಬಿಟ್ಟು ಹೊರಗೇ ನಿಂತಿದ್ದರು.

"ಅಮ್ಮಾ, ರೊಟ್ಟಿ ಭಾಳ ರುಚಿ ಇದ್ವು. ನಾ ಯಾರಿಗೂ ಕಳ್ಳರು ಅನ್ನಂಗಿಲ್ಲ. ನನಗ ಜಾಗಟಿ ಬೇಕು, ಅಷ್ಟ. ಈ ವಯಸ್ಸಿನ್ಯಾಗ ಹೊಸಾ ಕೋಣಿ ಹುಡಕಾಕ ನನಗ ಆಗೂದಿಲ್ಲ."

ಕೊಟ್ರಬಸಮ್ಮನ ಕೈಯಿಂದ ಜಾಲರಿ ಸೌಟು ಕಟ್ಟೆಗೆ ಬಿತ್ತು. ಒಲೆಯ ಮೇಲೆ ಮಿರ್ಚಿ ಕಪ್ಪಾಗತೊಡಗಿದವು, ಯಾರೂ ತಿರುವಿಹಾಕಲಿಲ್ಲ.

"ನಾ ಏನ್ ಮಾಡ್ಲೋ ಯಪ್ಪಾ," ಎಂದು ಅವರು ಅಲ್ಲೇ ಮಂಡಕ್ಕಿಯ ಮೇಲೇ ಕೂತರು. "ಅವತ್ತು ಮುತ್ತೈದೇರು ಬಂದು ಕುಂತಾರ. ಉಡಿ ತುಂಬಾಕ ಅಕ್ಕಿ ಚೀಲ ಕೆಳಗ ಇಳದೈತಿ. ಸಾಮಾನಿನ ಲಾರಿ ತೆಕ್ಕಲಕೋಟ್ಯಾಗ ಪಂಚರ್ ಆಗಿ ನಿಂತೈತಿ, ಈ ಪರಾತಾನೂ ಅದರಾಗ. ಕೈಯಾಗ ಇದ್ದದ್ದು ಎರಡು ಸ್ಟೀಲ್ ತಾಟು. ಸ್ಟೀಲಿನ್ಯಾಗ ಉಡಿ ತುಂಬಾಕ ಬರ್ತೈತೇನು? ಕೆಳಗ ಬಂದೆ. ಗ್ವಾಡಿಗೆ ಇಷ್ಟು ದೊಡ್ಡ ಹಿತ್ತಾಳಿದು ತೂಗಾಕ ಹತ್ತೈತಿ..."

"ಅದರ ಕೆಳಗ ಬೋರ್ಡ್ ಇತ್ತು!" ಎಂದರು ಕಾರ್ಯದರ್ಶಿ. "ಮುಟ್ಟಬ್ಯಾಡ್ರಿ ಅಂತ!"

"ಇಂಗ್ಲೀಷಿನ್ಯಾಗ ಇತ್ತು! ನಾ ಏನೋ ರೇಟ್ ಬರದಾರ ಅನ್ಕೊಂಡೆ."

ಅಶ್ಫಾಕ್ ನಗು ಕೆಮ್ಮಾಗಿ ಬದಲಿಸಿದ.

"ಉಡಿ ತುಂಬಿ ಮುಗೀತು. ಹುಣಸಿ ಹಚ್ಚಿ ತಿಕ್ಕಿದೆ, ಬಂಗಾರ ಆದಂಗ ಆತು. ವಾಪಸ್ ಕಟ್ಟಬೇಕಂತ ಲಿಫ್ಟಿನ್ಯಾಗ ಇಟ್ಟೆ. ಚಪ್ಪಲಿ ಹಾಕ್ಕೊಳ್ಳಾಕ ಈ ಕಡಿ ತಿರುಗಿದೆ ನೋಡ್ರಿ, ಲಿಫ್ಟು ತಾನ ಮ್ಯಾಲ ಹೋತು. ಕೆಳಗ ಬಂದಾಗ ಖಾಲಿ! ನಾ ಬಾಯಿ ತಗಿಯೋದ್ರಾಗ ಈ ಅಣ್ಣ ವಾಟ್ಸಾಪ್ ಗುಂಪಿನ್ಯಾಗ ಹಾಕಿದ್ರು, 'ಕಳ್ಳರ ಮಾನ ಹರಾಜು ಹಾಕ್ತೀವಿ' ಅಂತ. ಯಜಮಾನ್ರು ಎಲೆಕ್ಷನ್‌ಗೆ ನಿಂತಾರ. ಹೆಂಗ ಹೇಳ್ಲಿ? ಅದಕ್ಕ ರೊಟ್ಟಿ ಕಳಿಸಿದೆ."

"ಮ್ಯಾಲ ಅಂದ್ರ ಎಲ್ಲಿಗೆ?" ಅಶ್ಫಾಕ್ ಕೇಳಿದ. "ಎರಡನೇದಕ್ಕಾ, ಮೂರನೇದಕ್ಕಾ?"

"ಮೂರು. ಬಾಗಿಲ ಮ್ಯಾಲ ಕೆಂಪು ನಂಬರ್ ಹತ್ತಿತ್ತು, ನೋಡೀನಿ."

ಚನ್ನಬಸವರಾಜರು ನಕ್ಕರು. "ಮೂರನೇ ಮಹಡಿ ಇನ್ನೂ ಮಾರಿಲ್ಲರೀ. ಅಲ್ಲಿ ಪಾರಿವಾಳ ಬಿಟ್ರ ಯಾರೂ ಇಲ್ಲ. ಮೆಟ್ಟಲಿಗೆ ಗ್ರಿಲ್ ಬೀಗ. ಲಿಫ್ಟಿಗೂ ನಿನ್ನಿ ಸಂಜಿಗೆ ಹಳದಿ ಪಟ್ಟಿ ಹಚ್ಚಿ ಕರೆಂಟ್ ತಗಸೀನಿ. ಘಟನಾ ಸ್ಥಳ ಅಲ್ಲೇನು?"

"ಯಾರೂ ಇಲ್ಲದ ಮಹಡಿಯಿಂದ ಲಿಫ್ಟು ಕರದೋರು ಯಾರ್ರಿ? ಪಾರಿವಾಳನಾ?"

ಈ ಪ್ರಶ್ನೆಗೆ ಉತ್ತರ ಮನುಷ್ಯರು ಕೊಡಲಿಲ್ಲ.

ಢಂಯ್. ಢಂಯ್. ಢಾಂಂಂಂಯ್—

ಕಟ್ಟಡದ ನೆತ್ತಿಯಿಂದ ಇಳಿದ ಆ ನಾದ ಗಾಜುಗಳಲ್ಲಿ ನಡುಗಿ, ಬಾತ್‌ಟಬ್ಬಿನ ಚೊಂಬಿನಲ್ಲಿ ಸಣ್ಣಗೆ ಕಿಣಿಗುಟ್ಟಿತು. ಹೊರಗೆ ರಸ್ತೆಯಲ್ಲಿ ಯಾರೋ "ಊಟದ ಟೈಮ್ ಆತಲೇ!" ಎಂದು ಖುಷಿಯಿಂದ ಕೂಗಿದರು. ಒಂದು ಗಂಟೆ.

"ಬಾರಿಸ್ತು!" ಕೊಟ್ರಬಸಮ್ಮ ಗಡಬಡಿಸಿ ಎದ್ದರು. "ಸಾಬಣ್ಣಾ, ನಿಮ್ಮ ಕೋಣಿ ಉಳೀತು!"

"ಉಳಿದಿಲ್ಲ," ಎಂದರು ಚನ್ನಬಸವರಾಜ. ತಲೆಯ ಮೇಲೆ ಇನ್ನೂ ನಾಲ್ಕು ಮಂಡಕ್ಕಿ ಇದ್ದರೂ ದನಿಯಲ್ಲಿ ಕಾನೂನು ಇತ್ತು. "ಷರತ್ತು ಏನು? ಬಾರಿಸಿದೋರಿಗೆ ಕೋಣಿ. ಸಾಬ್ರು ಇಲ್ಲಿ ನಿಂತಾರ. ಬಾರಿಸಿದೋರು ಮ್ಯಾಲ ಅದಾರ."

ಗೌಸ್ ಸಾಬರು ಎರಡನ್ನೂ ಕೇಳಿಸಿಕೊಂಡಂತಿರಲಿಲ್ಲ. ಕಿವಿ ಮೇಲೆತ್ತಿ ನಿಂತಿದ್ದರು.

"ಎರಡು ಸಣ್ಣ ಪೆಟ್ಟು, ಒಂದು ದೊಡ್ಡದು, ಕಡೀಕ ಅಂಗೈ ಇಟ್ಟು ಹಿಡದ್ರು. ಕೇಳಿದಿರೇನು? ಅಂಗೈ ಇಟ್ಟು ನಿಲ್ಲಸೋದು ನನ್ನ ಕೈ. ಮತ್ತ ಒಬ್ಬರಿಗಷ್ಟ ಕಲಿಸೀನಿ. ನನಗ ಮಲೇರಿಯಾ ಆಗಿ ಮಲಗಿದಾಗ." ಅವರು ಚಾವಣಿಯ ಕಡೆ ನೋಡಿದರು. "ಮೀರಾಬಿಗೆ."

"ಆಗೂದಿಲ್ಲ ಚಾಚಾ!" ಎಂದ ಅಶ್ಫಾಕ್. "ಮುಂಜಾನಿ ಚಹಾದಂಗಡ್ಯಾಗ ಕುಂತು ಚಾಚಿಗೆ ಫೋನ್ ಹಚ್ಚಿದ್ದೆ. ಹಚ್ಚೊಳ್ಳ್ಯಾಗ ಅದೀನಿ, ಹೊಲದಾಗ ಅದೀನಿ ಅಂದ್ರು. ಹಿಂದ ಟ್ರ್ಯಾಕ್ಟರ್ ಸಪ್ಪಳಾನೂ ಕೇಳಿದೆ."

ಬರೀ ಕೇಳಿರಲಿಲ್ಲ, ಅಂಗಡಿಯವರಿಗೆ ಅದೇ ಟ್ರ್ಯಾಕ್ಟರನ್ನು ಗಂಟಲಲ್ಲಿ ಓಡಿಸಿ ತೋರಿಸಿ ಒಂದು ಪುಕ್ಕಟೆ ಚಹಾ ಕುಡಿದಿದ್ದ. ಡುಬು ಡುಬು ಡುಬು, ನಡುವೆ ಮುದುಕರು ಗಂಟಲು ಸರಿಮಾಡಿಕೊಂಡಂತೆ ಒಂದು ಖ್ಹೂಂ, ಮತ್ತೆ ಡುಬು ಡುಬು.

ಇವರ ಗಲಾಟೆ ತನಗೆ ಸಂಬಂಧಿಸಿದ್ದಲ್ಲ ಎಂದುಕೊಂಡ ಅಂಜಿನಿ ಪಡಸಾಲೆಯಲ್ಲಿ ತನ್ನ ಯಂತ್ರದ ಹಗ್ಗ ಎಳೆದ.

ಡುಬು ಡುಬು ಡುಬು. ಖ್ಹೂಂ. ಡುಬು ಡುಬು.

ಅಶ್ಫಾಕ್ ಯಂತ್ರದ ಕಡೆ ತಿರುಗಿದ. ತುಟಿ ಅಲುಗಿಸದೆ ಗಂಟಲಲ್ಲೇ ಫೋನಿನ ಟ್ರ್ಯಾಕ್ಟರನ್ನು ಈ ಸದ್ದಿನ ಪಕ್ಕಕ್ಕೆ ಇಟ್ಟು ನೋಡಿದ. ಒಂದು ಕೂದಲೆಳೆ ವ್ಯತ್ಯಾಸವಿಲ್ಲ. ಹತ್ತು ಊರಿನ ವರರನ್ನು ಸದ್ದಿನಿಂದ ಹಿಡಿದವನನ್ನು ಮೀರಾಬಿ ಒಂದು ಹೊಗೆಯಂತ್ರದಿಂದ ಹೊಲಕ್ಕೆ ಕಳಿಸಿದ್ದಳು.

"ಅಂಜಿನಿ, ಬಂದ್ ಮಾಡು! ಮುಂಜಾನಿ ಮೊದಲ ಎಲ್ಲಿ ಹೊಡದಿ?"

"ಮ್ಯಾಲ ಸಾರ್, ಮೂರನೇ ಫ್ಲೋರು."

ಎಲ್ಲರೂ ಗೌಸ್ ಸಾಬರ ಕಡೆ ತಿರುಗಿದರು. ಸಾಬರು ಹಗ್ಗವನ್ನು ಕೈಗೆ ಸುತ್ತುತ್ತಿದ್ದರು, ಬಿಚ್ಚುತ್ತಿದ್ದರು.

"ಚಾಚಾ, ಚಾಚಿ ಹೋಗಾಗ ಏನಂದ್ರು? ಖರೇ ಹೇಳ್ರಿ."

"ಜಗಳ ಆಗಿತ್ತು ಬೇಟಾ," ಎಂದರು ಸಾಬರು ನೆಲಕ್ಕೆ. "ನಲವತ್ತು ವರ್ಷ ನೀ ಒಂದು ಪೆಟ್ಟು ಹೊಡದಿ, ಆ ಹೊತ್ತಿಗೆ ಸರಿಯಾಗಿ ನಿನ್ನ ನಿದ್ದಿಯಿಂದ ಎಬ್ಬಿಸಿದಾಕಿ ನಾನು, ಕೋಣಿ ನಿಂದು ಹೆಂಗಾತು ಅಂದ್ಲು. ನಾ ನಕ್ಕೆ. ನಗಬಾರದಿತ್ತು. ಇನ್ನ ಆ ಕೋಣ್ಯಾಗ ಕಾಲಿಟ್ರ ನನ್ನ ಕೋಣಿ ಅಂತ ಕಾಲಿಡ್ತೀನಿ ಅಂದು ಹೋದ್ಲು."

ಕೊಟ್ರಬಸಮ್ಮ ಸೆರಗು ಬಾಯಿಗೆ ಹಿಡಿದರು. ಅಳುವೋ ನಗುವೋ ತಿಳಿಯಲಿಲ್ಲ. "ಭೇಷ್ ಮೀರಾಬಿ," ಎಂದಷ್ಟೇ ಸೆರಗಿನೊಳಗಿಂದ ಕೇಳಿಸಿತು.

ಆಗ ಜಾಗಟೆ ಮತ್ತೆ ಬಡಿಯಿತು.

ಈ ಸಲ ಸಣ್ಣದು ದೊಡ್ಡದು ಎಂಬ ಲೆಕ್ಕವಿಲ್ಲ. ಢಣಢಣಢಣ ಎಂದು ಒಂದೇ ಸಮ, ಗಾಬರಿಯಿಂದ. ಇದ್ದಕ್ಕಿದ್ದಂತೆ ನಿಂತಿತು. ಅಂಗೈ ಇಟ್ಟು ನಿಲ್ಲಿಸಿದಂತಲ್ಲ, ಕೈಯಿಂದ ಕಿತ್ತುಕೊಂಡಂತೆ.

ಗೌಸ್ ಸಾಬರು ಮೆಟ್ಟಿಲ ಕಡೆ ತಿರುಗಿದರು. "ಊಟಕ್ಕ ಒಂದು ಸಲ. ಎರಡನೇ ಸಲ ಬಾರಿಸಿದ್ರ ಬೆಂಕಿ ಬಿದ್ದೈತಿ, ಇಲ್ಲಾ ಜೀವಕ್ಕ ಬಂದೈತಿ, ಓಡಿ ಬರ್ರಿ ಅಂತ. ಹೋಟೆಲಿನ ಹಳೇ ಕಾಯ್ದೆ. ಆಕಿಗೆ ಗೊತ್ತು."

"ಸಾಬ್ರ, ಹಂಗಾರ ಕೋಣಿ ಯಾರಿಗೆ?" ಚನ್ನಬಸವರಾಜರು ಕೇಳಿದರು.

"ನೀವ ಇಟ್ಕೊಂಡು ನಾಯಿ ತೊಳೀರಿ!"

ಹಗ್ಗ ನೆಲಕ್ಕೆ ಬಿತ್ತು. ಆ ವಯಸ್ಸಿನ ಕಾಲು ಮೆಟ್ಟಿಲುಗಳನ್ನು ಎರಡೆರಡಾಗಿ ಹತ್ತುವುದನ್ನು ಬೇಸಿಲ್ ಹೋಟೆಲ್ ಹಿಂದೆಂದೂ ಕಂಡಿರಲಿಲ್ಲ. ಚಪ್ಪಲಿ ಹೊಸಿಲ ಬಳಿಯೇ ಉಳಿದವು.

"ಗ್ರಿಲ್ಲಿನ ಕೀ ಕೊಡ್ರಿ!" ಅಶ್ಫಾಕ್ ಕೈ ಚಾಚಿದ.

"ನನ್ನ ಹತ್ರ ಎಲ್ಲೈತಿ? ಹೊಗಿ ಹೊಡಿಯಾಕ ಮುಂಜಾನಿ ಅಂಜಿನಿಗೆ ಕೊಟ್ಟೀನಿ."

"ನಾ ಬೀಗ ಹಾಕಿ ವಾಪಸ್ ಕೊಟ್ಟಿನಿ ಸಾರ್, ನಿಮ್ಮ ಕೈಯಾಗ."

"ನನ್ನ ಕೈಯಾಗ? ಯಾವಾಗ್ಲೇ?"

"ಅಲ್ಲೇ ಮೆಟ್ಟಲ ಮ್ಯಾಲ, ಹೊಡದು ಮುಗಿದ ಕೂಡ್ಲೆ." ಅಂಜಿನಿ ತಲೆ ಕೆರೆದುಕೊಂಡ. "ಹೊಗಿ ದಟ್ಟ ಇತ್ತು, ಮುಖ ಕಾಣಲಿಲ್ಲ. 'ನಾನ್ರೀ, ಸೆಕ್ರೆಟರಿ ಚನ್ನಬಸವರಾಜ, ಅರ್ಜೆಂಟ್ ಐತಿ, ಕೀ ಕೊಡು' ಅಂದ್ರಿ. ದನಿ ನಿಮ್ದ ಇತ್ತು ಸಾರ್. ಖರೇನ ನಿಮ್ದ."

ಮೇಲೆ ಗೌಸ್ ಸಾಬರು ಎರಡೂ ಕೈಯಿಂದ ಗ್ರಿಲ್ ಅಲುಗಿಸುತ್ತ ಹೆಂಡತಿಯ ಹೆಸರು ಕೂಗುತ್ತಿದ್ದರು. ಮೇಲಿನಿಂದ ಉತ್ತರವಿರಲಿಲ್ಲ.

ಕೆಳಗೆ ಚನ್ನಬಸವರಾಜರು ನಿಧಾನವಾಗಿ ತಿರುಗಿದರು. ಕೊಟ್ರಬಸಮ್ಮನೂ ತಿರುಗಿದರು. ಅಂಜಿನಿ ಯಂತ್ರ ಎದೆಗವಚಿಕೊಂಡು ಒಂದು ಹೆಜ್ಜೆ ಹಿಂದೆ ಸರಿದ. ಮೂವರ ಕಣ್ಣೂ ನೆಟ್ಟಿದ್ದು ಒಬ್ಬನ ಗಂಟಲ ಮೇಲೆ.

"ನಾ ಅಲ್ಲ," ಎನ್ನಬೇಕೆಂದಿದ್ದ ಅಶ್ಫಾಕ್. ಗಾಬರಿಯಲ್ಲಿ ಬಾಯಿಂದ ಹೊರಟದ್ದು ಕಾರ್ಯದರ್ಶಿಯ ದನಿ.